ಹೆಗಲ ಮೇಲೊಂದು ಮನೆ: ಸಂಡೂರಿನ ಲಂಬಾಣಿ ಚೀಲಗಳು

ಮನೆಯಿಂದ ಹೊರಡುವ ಹೆಣ್ಣುಮಗಳ ಹೆಗಲಿನಲ್ಲಿ ಚೀಲವೊಂದು ಇಲ್ಲದಿರುವುದು ಈ ಕಾಲದಲ್ಲಿ ಅಪರೂಪ. ಮದುವೆಗೆ ಹೊರಟಾಗ ಜರಿಯ ಕೈಚೀಲ, ಕಚೇರಿಗೆ ಹೊರಟಾಗ ಚರ್ಮದ ವ್ಯಾನಿಟಿ ಬ್ಯಾಗು, ಸಂತೆಗೆ ಹೊರಟಾಗ ಬಟ್ಟೆಯ ದೊಡ್ಡ ಚೀಲ. ಸೀರೆಯ ಬಣ್ಣಕ್ಕೆ ಹೊಂದುವ ಚೀಲ ಸಿಗದಿದ್ದರೆ ಹೊರಡುವುದೇ ತಡವಾಗುವುದುಂಟು. ಇದನ್ನು ಕಂಡು ಮನೆಯ ಗಂಡಸರು ನಗುವರು. ಆದರೆ ಬಸ್ಸು ಹತ್ತಿದ ಅರ್ಧ ಗಂಟೆಯಲ್ಲಿ ತಲೆನೋವಿನ ಗುಳಿಗೆ, ಹರಿದ ಗುಂಡಿಗೆ ಸೂಜಿದಾರ, ಮಗುವಿಗೆ ಬಿಸ್ಕತ್ತು, ಚಿಲ್ಲರೆ ಕಾಸು, ಮನೆಯ ಬೀಗದ ಕೈ ಇವೆಲ್ಲಕ್ಕೂ ಅವರು ಕೈ ಚಾಚುವುದು ಅದೇ ಚೀಲದ ಕಡೆಗೆ. ನಗೆಗೆ ವಸ್ತುವಾದ ಚೀಲವೇ ಸಂಸಾರದ ಸಂಚಾರಿ ಉಗ್ರಾಣವಾಗಿರುವುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಈ ಪ್ರೀತಿ ನಮ್ಮ ನಾಡಿಗಷ್ಟೇ ಸೀಮಿತವಾದುದಲ್ಲ. ಯುರೋಪಿನಲ್ಲಿ ಒಂದು ಕಾಲಕ್ಕೆ ಗಂಡಸರೂ ಹೆಂಗಸರೂ ಸೊಂಟಪಟ್ಟಿಗೆ ಚೀಲವನ್ನು ಕಟ್ಟಿಕೊಂಡೇ ತಿರುಗುತ್ತಿದ್ದರು. ಗಂಡಸರ ಉಡುಪಿಗೆ ಜೇಬು ಹೊಲಿಯುವ ಪದ್ಧತಿ ಬಂದ ಮೇಲೆ ಅವರ ಸೊಂಟದ ಚೀಲ ಮರೆಯಾಯಿತು. ಹೆಂಗಸರು ಮಾತ್ರ ಲಂಗದ ಒಳಗೆ ದಾರದಿಂದ ಕಟ್ಟಿಕೊಳ್ಳುವ ಬಿಡಿಜೇಬುಗಳನ್ನು ಬಳಸುತ್ತಿದ್ದರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಉಡುಪು ತೆಳುವಾಗಿ ಮೈಗೆ ಹತ್ತಿದಂತಾಯಿತು, ಒಳಜೇಬಿಗೆ ಎಡೆಯಿಲ್ಲದಾಯಿತು, ಚೀಲ ಹೊರಬಂದು ಕೈಯನ್ನು ಸೇರಿತು. ನೆದರ್ಲ್ಯಾಂಡ್ಸ್ ದೇಶದಲ್ಲಿ ಚೀಲಗಳಿಗಾಗಿಯೇ ಒಂದು ವಸ್ತುಸಂಗ್ರಹಾಲಯವಿತ್ತು. 1996ರಲ್ಲಿ ದಂಪತಿಗಳಿಬ್ಬರು ತಮ್ಮ ಮನೆಯಲ್ಲಿ ತೆರೆದ ಆ ಸಂಗ್ರಹ 2007ರಲ್ಲಿ ಆಮ್ಸ್ಟರ್‌ಡ್ಯಾಮ್ ನಗರದ ಕಾಲುವೆಯ ದಂಡೆಯ ಹಳೆಯ ಮನೆಯೊಂದಕ್ಕೆ ಬಂದಿತು. ಐದು ಸಾವಿರದಷ್ಟು ಚೀಲಗಳಿದ್ದ ಆ ಸಂಗ್ರಹದಲ್ಲಿ ಅತಿ ಹಳೆಯದು ಹದಿನಾರನೆಯ ಶತಮಾನದ ಮೇಕೆಚರ್ಮದ ಚೀಲ, ಅದು ಗಂಡಸಿನದು, ಅದರೊಳಗೆ ಹದಿನೆಂಟು ಜೇಬುಗಳು! 2020ರಲ್ಲಿ ಕೊರೊನಾ ಸಂಕಟದ ನಡುವೆ ಆ ಸಂಗ್ರಹಾಲಯ ಬಾಗಿಲು ಮುಚ್ಚಿತು.

ನಮ್ಮ ಕಡೆಯಾದರೂ ಸೀರೆಗೆ ಜೇಬಿಲ್ಲ, ಧೋತರಕ್ಕೆ ಜೇಬಿಲ್ಲ. ಆದುದರಿಂದ ನಮ್ಮ ಹಿರಿಯರು ಚೀಲದ ವಿಷಯದಲ್ಲಿ ಬಡವರಾಗಿರಲಿಲ್ಲ. ಎಲೆ ಅಡಿಕೆಗೆ ಸಂಚಿ, ಹೆಗಲಿನ ಎರಡೂ ಕಡೆಗೆ ಇಳಿಬೀಳುವ ಹಸಿಬೆ, ಹಣಕ್ಕೆ ಹಮ್ಮಿಣಿ, ಕಾಳಿಗೆ ಗೋಣಿ, ಭಿಕ್ಷೆಗೆ ಜೋಳಿಗೆ, ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಹೆಸರು. ಅಜ್ಜಿಯ ಸೊಂಟದ ಸಂಚಿಯಲ್ಲಿ ಹಲವು ಪದರಗಳಿರುತ್ತಿದ್ದವು. ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಕಾಯಿ, ಎಲ್ಲಕ್ಕಿಂತ ಒಳಗಿನದರಲ್ಲಿ ಮೊಮ್ಮಕ್ಕಳಿಗೆಂದು ಮಡಚಿಟ್ಟ ನೋಟು. ಮನೆಯ ಪೆಟ್ಟಿಗೆಯ ಕೀಲಿ ಯಾರ ಕೈಯಲ್ಲೇ ಇರಲಿ, ಆ ಸಂಚಿಗೆ ಒಡತಿ ಅವಳೊಬ್ಬಳೇ. ತನ್ನದೆಂದು ಹೇಳಿಕೊಳ್ಳಲು ಬೇರೆ ಸ್ಥಳವಿಲ್ಲದವರಿಗೆ ಚೀಲವೇ ಮನೆ ಎಂಬ ಮಾತು ಇಲ್ಲಿ ಹೊಳೆಯುತ್ತದೆ. ಹಾಗಾದರೆ ಮನೆಯನ್ನೇ ಹೊತ್ತು ತಲೆಮಾರುಗಳ ಕಾಲ ದಾರಿಯಲ್ಲಿ ಬದುಕಿದ ಜನ ತಮ್ಮ ಚೀಲವನ್ನು ಎಷ್ಟು ಪ್ರೀತಿಸಿರಬೇಕು! ಅಂಥ ಜನರ ಚೀಲಗಳನ್ನು ಕಣ್ಣಾರೆ ಕಾಣಬೇಕೆಂದು ನಾವು ಸಂಡೂರಿಗೆ ಹೊರಟೆವು.

ವಿಜಯನಗರ ಜಿಲ್ಲೆಯ ಹೊಸಪೇಟೆಯಿಂದ ಬಳ್ಳಾರಿ ಜಿಲ್ಲೆಯ ಸಂಡೂರಿಗೆ ಸುಮಾರು 30 ಕಿಲೋಮೀಟರ್ ದಾರಿ. ಹಂಪಿಯ ಬಂಡೆಗಳ ಸೀಮೆಯನ್ನು ಹಿಂದೆ ಬಿಟ್ಟು ದಕ್ಷಿಣಕ್ಕೆ ಸಾಗಿದಂತೆ ಬೆಟ್ಟದ ಸಾಲುಗಳು ಎರಡೂ ಕಡೆಯಿಂದ ಸಮೀಪಿಸುತ್ತವೆ. ನಾವು ಹೋದದ್ದು ಮಳೆಗಾಲ ಮುಗಿಯುವ ಹೊತ್ತು. ಬೆಟ್ಟಗಳೆಲ್ಲ ಹಸುರು ಹೊದ್ದಿದ್ದವು. ನಾರಿಹಳ್ಳದ ಜಲಾಶಯದಲ್ಲಿ ನೀರು ತುಂಬಿತ್ತು. ಹಸುರಿನ ನಡುವೆ ಅಲ್ಲಲ್ಲಿ ಬೆಟ್ಟದ ಮೈ ಬಗೆದು ಕೆಂಪಾಗಿ ಕಾಣುತ್ತಿತ್ತು. ಕಬ್ಬಿಣದ ಹಾಗೂ ಮ್ಯಾಂಗನೀಸಿನ ಅದಿರಿನ ಗಣಿಗಳಿರುವ ಸೀಮೆಯಿದು. ಎದುರಿನಿಂದ ಬರುವ ಲಾರಿಗಳ ಕೆಂಧೂಳು ದಾರಿಬದಿಯ ಎಲೆಗಳ ಮೇಲೆ ಕುಳಿತು, ಮಳೆ ತೊಳೆದಷ್ಟೂ ಮತ್ತೆ ಬಂದು ಕೂರುತ್ತಿತ್ತು.

ಸಂಡೂರು ಒಂದು ಕಾಲಕ್ಕೆ ಘೋರ್ಪಡೆ ಮನೆತನದವರ ಪುಟ್ಟ ಸಂಸ್ಥಾನ. 1949ರಲ್ಲಿ ಅದು ಭಾರತದ ಒಕ್ಕೂಟದಲ್ಲಿ ವಿಲೀನವಾಯಿತು. ಊರಿನಿಂದ ಕೆಲವು ಮೈಲು ದೂರದ ಬೆಟ್ಟದ ಮೇಲೆ ಕುಮಾರಸ್ವಾಮಿ ಹಾಗೂ ಪಾರ್ವತಿಯ ಪುರಾತನ ಗುಡಿಗಳಿವೆ. ಯಾತ್ರಿಕರಲ್ಲಿ ಹೆಚ್ಚಿನವರು ಬರುವುದು ಆ ಗುಡಿಗಳಿಗಾಗಿ. ನಾವಾದರೋ ಊರಿನಲ್ಲೇ ನಿಂತು ಸಂಡೂರು ಕುಶಲ ಕಲಾ ಕೇಂದ್ರದ ದಾರಿಯನ್ನು ಕೇಳಿಕೊಂಡೆವು. 1980ರ ದಶಕದಲ್ಲಿ ಆರಂಭವಾದ ಈ ಸಂಸ್ಥೆ ಸುತ್ತಲಿನ ತಾಂಡಾಗಳ ಲಂಬಾಣಿ ಮಹಿಳೆಯರಿಗೆ ಅವರ ಪರಂಪರೆಯ ಕಸೂತಿಯಿಂದಲೇ ಜೀವನೋಪಾಯವನ್ನು ಒದಗಿಸುತ್ತ ಬಂದಿದೆ.

ಲಂಬಾಣಿಗರ ಕಥೆಯನ್ನು ತಿಳಿಯದೆ ಅವರ ಚೀಲವನ್ನು ತಿಳಿಯಲಾಗದು. ಬಂಜಾರರೆಂದೂ ಕರೆಯಲ್ಪಡುವ ಈ ಜನ ರೈಲು ಇಲ್ಲದ ಕಾಲದಲ್ಲಿ ದೇಶದ ಸಾಗಣೆಯ ಭಾರವನ್ನು ಹೊತ್ತವರು. ನೂರಾರು, ಕೆಲವೊಮ್ಮೆ ಸಾವಿರಾರು ಎತ್ತುಗಳ ಬೆನ್ನಿಗೆ ಉಪ್ಪು, ದವಸ, ಧಾನ್ಯಗಳ ಚೀಲಗಳನ್ನು ಹೇರಿಕೊಂಡು ಉತ್ತರದಿಂದ ದಕ್ಷಿಣಕ್ಕೆ ಸಂಚರಿಸುತ್ತಿದ್ದರು. ಮೊಗಲರ ಸೈನ್ಯಕ್ಕೆ ಧಾನ್ಯ ತಲುಪಿಸಿದವರು ಇವರು. ಮುಂದೆ ಬ್ರಿಟಿಷರ ಸೈನ್ಯಕ್ಕೂ ಇವರೇ. ಲಂಬಾಣಿ ಎಂಬ ಹೆಸರು ಲವಣ ಶಬ್ದದಿಂದ ಬಂದಿತೆಂದು ಹೇಳುವವರುಂಟು. ಹೀಗೆ ಸಾಗುವ ತಂಡಕ್ಕೆ ತಾಂಡಾ ಎಂದು ಹೆಸರು. ಅಂದಿನ ತಾಂಡಾ ನಡೆಯುತ್ತಿತ್ತು; ಇಂದಿನ ತಾಂಡಾ ನೆಲೆ ನಿಂತ ಊರು. ಈ ಎರಡರ ನಡುವೆ ದೊಡ್ಡದೊಂದು ದುಃಖವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲುಹಳಿಗಳು ಹಾಸಿದಂತೆ ಎತ್ತಿನ ಹೇರಿಗೆ ಕೆಲಸವಿಲ್ಲದಾಯಿತು. ಉಪ್ಪಿನ ವ್ಯಾಪಾರ ಸರಕಾರದ ಹಿಡಿತಕ್ಕೆ ಹೋಯಿತು. ಸಾಲದೆಂಬಂತೆ 1871ರಲ್ಲಿ ಬ್ರಿಟಿಷರು ಮಾಡಿದ ಅಪರಾಧಿ ಬುಡಕಟ್ಟುಗಳ ಕಾನೂನಿನ ನೆರಳು ಹಲವೆಡೆ ಇವರ ಮೇಲೂ ಬಿದ್ದಿತು. ದೇಶಕ್ಕೆ ಉಪ್ಪು ಹೊತ್ತವರನ್ನು ದೇಶ ಅನುಮಾನದಿಂದ ನೋಡಿತು.

ಅಂಥ ಅಲೆದಾಟದ ಬದುಕಿನಲ್ಲಿ ಗೋಡೆಗೆ ಚಿತ್ರ ಬರೆಯಲು ಗೋಡೆಯಿರಲಿಲ್ಲ. ಅಂಗಳಕ್ಕೆ ರಂಗೋಲಿ ಹಾಕಲು ಅಂಗಳವಿರಲಿಲ್ಲ. ಲಂಬಾಣಿ ಹೆಣ್ಣುಮಕ್ಕಳು ತಮ್ಮ ಕಲೆಯನ್ನೆಲ್ಲ ಹೊತ್ತುಕೊಂಡು ಹೋಗಬಹುದಾದ ವಸ್ತುಗಳ ಮೇಲೆ ಬರೆದರು. ಪೇಟಿಯಾ ಎಂಬ ಲಂಗ, ಕಾಂಚಳಿ ಎಂಬ ರವಿಕೆ, ತಲೆಯ ಮೇಲಿನ ಹೊದಿಕೆ, ಕೊಡ ಹೊರುವ ಸಿಂಬಿ, ಎತ್ತಿನ ಮೈಗೆ ಹಾಕುವ ಜೂಲು, ಎಲೆ ಅಡಿಕೆಯ ಸಂಚಿ, ಮದುಮಗಳೊಂದಿಗೆ ಗಂಡನ ಮನೆಗೆ ಹೋಗುವ ಚೀಲ, ಎಲ್ಲದರ ಮೇಲೂ ದಾರ, ಕನ್ನಡಿ, ಕವಡೆ, ಮಣಿ, ನಾಣ್ಯ. ಬಿಸಿಲಿನಲ್ಲಿ ಆ ಕನ್ನಡಿಯ ಚೂರುಗಳು ಥಳಥಳಿಸುವುದನ್ನು ನಮ್ಮ ಕಡೆಯ ಸಂತೆಗಳಲ್ಲಿ ನೋಡದವರಾರು? ನೋಡಿದ್ದೇವೆ, ಆದರೆ ಆ ಚೂರುಗಳನ್ನು ಅಲ್ಲಿ ನಿಲ್ಲಿಸಿದ ಹೊಲಿಗೆಯನ್ನು ನಾವು ನೋಡಿದವರಲ್ಲ.

ಕೇಂದ್ರದಲ್ಲಿ ಆ ಹೊಲಿಗೆಯನ್ನು ಹತ್ತಿರದಿಂದ ಕಂಡೆವು. ಸಂಡೂರಿನ ಕಸೂತಿಯಲ್ಲಿ ಹದಿನಾಲ್ಕು ಬಗೆಯ ಹೊಲಿಗೆಗಳಿವೆ. ಕಿಲನ್, ವೇಲೆ, ಬಕ್ಕ್ಯಾ, ಮಕಿ, ಸೂರ್ಯಕಾಂತಿ ಮಕಿ, ರೇಲೊ, ನಕ್ರಾ ಮುಂತಾಗಿ ಅವುಗಳ ಹೆಸರುಗಳು. ಕೌದಿ ಎಂಬುದೂ ಅವುಗಳಲ್ಲೊಂದು. ಹೆಸರು ಕೇಳಿದೊಡನೆ ನಮ್ಮ ಉತ್ತರ ಕರ್ನಾಟಕದ ತಾಯಂದಿರು ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಹೊಲಿಯುವ ಕೌದಿಯ ನೆನಪು ಬಂದಿತು. ಒರಟು ಹತ್ತಿಬಟ್ಟೆ, ಮಂಜಿಷ್ಠದ ಕೆಂಪು, ನೀಲಿಯ ಕಡುಬಣ್ಣ, ಅದರ ಮೇಲೆ ಬಿಳಿ ಹಳದಿ ದಾರ. ಕೆಲವು ಹೊಲಿಗೆಗಳಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿಯೇ ಸೂಜಿ ಇಳಿಸಬೇಕು. ಒಂದು ಎಳೆ ತಪ್ಪಿದರೆ ಇಡೀ ಸಾಲು ಸೊಟ್ಟಗಾಗುವುದು. ಮೂಲೆಯಲ್ಲಿ ಕುಳಿತ ನಡುವಯಸ್ಸಿನ ಹೆಂಗಸರಿಬ್ಬರು ಗಣಿತದ ಪುಸ್ತಕವನ್ನೇನೂ ಓದಿದವರಲ್ಲ. ಅವರ ಬೆರಳುಗಳಿಗೆ ಲೆಕ್ಕ ಬರುತ್ತಿತ್ತು. ಕಣ್ಣು ನಮ್ಮ ಕಡೆಗಿದ್ದರೂ ಸೂಜಿ ತನ್ನ ಸ್ಥಳಕ್ಕೇ ಇಳಿಯುತ್ತಿತ್ತು.

ಅಲ್ಲಿಂದ ಪಕ್ಕದ ತಾಂಡಾವೊಂದಕ್ಕೆ ಹೋದೆವು. ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿಯೊಬ್ಬರ ಸೊಂಟದಲ್ಲಿ ಅಂಗೈಯಗಲದ ಹಳೆಯ ಸಂಚಿಯೊಂದು ಸಿಕ್ಕಿಸಿತ್ತು. ಅಂಚಿನ ಕವಡೆಗಳಲ್ಲಿ ಎರಡು ಉದುರಿದ್ದವು. ಕೆಂಪು ಬಟ್ಟೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ದಾರದ ಹೂವುಗಳು ಮಾತ್ರ ಹಾಗೆಯೇ ಇದ್ದವು. ನಮ್ಮೊಡನಿದ್ದ ಸೋದರಸೊಸೆ ಅದನ್ನು ನೋಡಿ ಮನಸೋತು, "ಅವ್ವಾ, ಇದನ್ನ ಕೊಡ್ತೀರೇನು? ಹೇಳಿದಷ್ಟು ರೊಕ್ಕ ಕೊಡ್ತೇನಿ" ಎಂದಳು. ಮುದುಕಿ ನಕ್ಕು, "ಇದನ್ನ ಮಾರಿದ್ರ ನನ್ನ ಎಲಿ ಅಡಕಿ ಎಲ್ಲಿ ಇಟ್ಕೊಳ್ಳಬೇಕವ್ವಾ? ನಮ್ಮವ್ವ ಹೊಲಿದು ಕೊಟ್ಟದ್ದು. ನೀನು ಕೇಂದ್ರದಾಗ ಹೊಸಾದು ತಗೋ, ನನ್ನ ಸೊಸಿ ಹೊಲಿತಾಳ" ಎಂದರು. ಬಳಿಕ ತಾವಾಗಿಯೇ ಸಂಚಿಯ ಬಾಯಿ ಬಿಚ್ಚಿ ತೋರಿಸಿದರು. ಎಲೆ, ಅಡಿಕೆಯ ಹೋಳು, ಸುಣ್ಣದ ಡಬ್ಬಿ, ಪೆಟ್ಟಿಗೆಯ ಬೀಗದ ಕೈ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮೊಮ್ಮಗನ ಪುಟ್ಟ ಭಾವಚಿತ್ರ. ಆ ಹುಡುಗ ತಂದೆ ತಾಯಿಯೊಡನೆ ಕಬ್ಬು ಕಡಿಯುವ ಸೀಮೆಗೆ ಹೋಗಿದ್ದನಂತೆ. ಸುಗ್ಗಿ ಮುಗಿದ ಮೇಲೆ ಬರುವನಂತೆ.

ಆ ಭಾವಚಿತ್ರವು ಈ ಕಸೂತಿಯ ಹಿಂದಿರುವ ಪ್ರಶ್ನೆಯನ್ನು ನಮ್ಮ ಮುಂದಿಟ್ಟಿತು. ತಾಂಡಾಗಳ ಜಮೀನು ಬಹುಮಟ್ಟಿಗೆ ಮಳೆಯನ್ನೇ ನಂಬಿದ್ದು. ಬೆಳೆ ಕೈಗೆ ಬಾರದ ವರ್ಷ ಗಂಡ ಹೆಂಡತಿ ಮಕ್ಕಳೊಡನೆ ಗಂಟು ಕಟ್ಟಿ ದೂರದ ಜಿಲ್ಲೆಗಳಿಗೆ ಕೂಲಿಗೆ ಹೊರಡುವರು. ಮಗುವಿನ ಶಾಲೆ ಅರ್ಧಕ್ಕೇ ನಿಲ್ಲುವುದು. ಗಣಿಯ ಕೂಲಿಯನ್ನು ನಂಬೋಣವೆಂದರೆ ಅದೂ ಅಸ್ಥಿರ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆಯೊಡ್ಡಿದಾಗ ಅದನ್ನೇ ನೆಚ್ಚಿದ್ದ ಎಷ್ಟೋ ಮನೆಗಳ ಒಲೆ ಆರುವಂತಾಯಿತು. ಕಸೂತಿಗೆ ಬೆಟ್ಟ ಅಗೆಯಬೇಕಾಗಿಲ್ಲ, ಊರು ಬಿಡಬೇಕಾಗಿಲ್ಲ. ಮನೆಗೆಲಸ ಮುಗಿಸಿ, ಮಗುವನ್ನು ಶಾಲೆಗೆ ಕಳುಹಿಸಿ, ಜಗಲಿಯ ಮೇಲೆ ಕುಳಿತು ಮಾಡಬಹುದಾದ ಕಾಯಕವದು. ಪೇಟೆಯ ಹೆಣ್ಣುಮಗಳೊಬ್ಬಳು ಹೆಗಲಿಗೆ ಹಾಕಿಕೊಳ್ಳುವ ಒಂದು ಚೀಲವು ತಾಂಡಾದ ಹೆಣ್ಣುಮಗಳೊಬ್ಬಳನ್ನು ಊರಿನಲ್ಲಿಯೇ ಉಳಿಸಬಲ್ಲದು.

ಈ ಕಲೆಗೆ ಗೌರವ ದೊರೆತಿಲ್ಲವೆಂದಲ್ಲ. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2023ರ ಜುಲೈ ತಿಂಗಳಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ವಿಭಾಗದ ಸಭೆ ಹಂಪಿಯಲ್ಲಿ ನಡೆದಾಗ, 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಕೂಡಿ ಸಿದ್ಧಪಡಿಸಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಹೆಮ್ಮೆಯ ಸಂಗತಿಯೇ ಸರಿ. ಆದರೆ ದಾಖಲೆಯ ದಿನ ಒಂದು. ಕೂಲಿಯ ದಿನಗಳು ಮುನ್ನೂರರವತ್ತನಾಲ್ಕು. ಪೇಟೆಯಲ್ಲಿ ಯಂತ್ರದಿಂದ ಹೊಲಿದ, ಕನ್ನಡಿಯ ಬದಲು ಹೊಳೆಯುವ ಪ್ಲಾಸ್ಟಿಕ್ ಅಂಟಿಸಿದ ಚೀಲಗಳು ಅಗ್ಗದ ಬೆಲೆಗೆ ಸಿಗುತ್ತವೆ. ದೂರದಿಂದ ನೋಡಿದರೆ ಎರಡಕ್ಕೂ ಭೇದ ಕಾಣದು. ಭೇದ ತಿಳಿಯುವ ಉಪಾಯ ಸುಲಭ: ಚೀಲವನ್ನು ಒಳಮಗ್ಗುಲಾಗಿ ತಿರುವಿ ನೋಡಬೇಕು. ಯಂತ್ರದ ಹೊಲಿಗೆಗೆ ಒಳಗೂ ಅದೇ ನಿರ್ಜೀವ ಸಮತೆ. ಕೈಹೊಲಿಗೆಯ ಹಿಂಬದಿಯಲ್ಲಿ ದಾರ ಮುಗಿದ ಗಂಟು, ಮತ್ತೆ ಆರಂಭಿಸಿದ ಎಳೆ, ಒಂದು ಹೂವಿನಿಂದ ಇನ್ನೊಂದಕ್ಕೆ ಹಾಯ್ದ ದಾರಿ, ಎಲ್ಲವೂ ಕಾಣುತ್ತದೆ. ಹೊಲಿದವಳ ಹೊತ್ತು ಅಲ್ಲಿ ಅಚ್ಚಾಗಿರುತ್ತದೆ.

ಇನ್ನೊಂದು ಸಂಗತಿಯೂ ನಮ್ಮ ಕಣ್ಣಿಗೆ ಬಿದ್ದಿತು. ತಾಂಡಾದಲ್ಲಿ ಕಸೂತಿ ಮಾಡುವ ಕಿರಿಯ ಹೆಂಗಸರು ಸಂತೆಗೆ ಹೊರಟಾಗ ಹೆಗಲಿಗೆ ಹಾಕಿಕೊಂಡದ್ದು ಪೇಟೆಯ ನೈಲಾನ್ ಚೀಲ. ಅದು ಹಗುರ, ಮಳೆಗೆ ನೆನೆಯದು, ಅಗ್ಗ. ಅವರನ್ನು ಆಕ್ಷೇಪಿಸಲು ನಮಗಾವ ಅಧಿಕಾರ? ತಾವು ಹೊಲಿದ ಚೀಲವನ್ನು ತಾವೇ ಕೊಳ್ಳುವಷ್ಟು ಅನುಕೂಲ ಅವರಿಗೆ ಇರಬೇಕಲ್ಲವೇ? ಒಂದು ಕಾಲಕ್ಕೆ ತನಗಾಗಿ, ತನ್ನ ಮಗಳಿಗಾಗಿ ಹೊಲಿಯುತ್ತಿದ್ದ ಕೈ ಇಂದು ಅಪರಿಚಿತರಿಗಾಗಿ ಹೊಲಿಯುತ್ತಿದೆ. ಕೊಳ್ಳುವವರು ಆ ಚೀಲವನ್ನು ಬರಿಯ ಅಲಂಕಾರವೆಂದು ಬಗೆದು ಎರಡು ಹಬ್ಬಕ್ಕೆ ಬಳಸಿ ಮೂಲೆಗೆಸೆದರೆ, ಅವಳು ತನ್ನ ಮಗಳಿಂದ ಕಿತ್ತು ಕೊಟ್ಟ ಹೊತ್ತಿಗೆ ಬೆಲೆಯೆಲ್ಲಿ ಉಳಿಯಿತು?

ಚೀಲಕ್ಕೂ ಘನತೆಗೂ ಇರುವ ಸಂಬಂಧ ನಮ್ಮ ಮನೆಗಳಿಗೆ ಹೊಸದಲ್ಲ. ಹಡಪವೆಂದರೆ ಎಲೆ ಅಡಿಕೆಯ ಸಂಚಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಬಳಿಯಲ್ಲಿದ್ದು ಆ ಸಂಚಿಯ ಕಾಯಕವನ್ನು ಕೈಕೊಂಡ ಶರಣರು ಹಡಪದ ಅಪ್ಪಣ್ಣನವರೆಂದೇ ಲೋಕಕ್ಕೆ ಪರಿಚಿತರಾದರು. ಹೊತ್ತ ಚೀಲವೇ ಶರಣರ ಹೆಸರಿಗೆ ಭೂಷಣವಾಯಿತು. ಜಂಗಮರ ಜೋಳಿಗೆಯಂತೂ ಪಡೆದುದನ್ನು ಕೂಡಿಡುವ ಚೀಲವಲ್ಲ. ಒಂದು ಮನೆಯ ಹಿಟ್ಟನ್ನು ಹಲವರ ಪ್ರಸಾದವಾಗಿಸುವ ಚೀಲ. ನಮ್ಮ ಕಾಲದಲ್ಲಿಯೇ ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಊರೂರು ತಿರುಗಲು ಹೊರಟು, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಕುಡಿತ, ತಂಬಾಕು, ಜೂಜುಗಳನ್ನು ಆ ಜೋಳಿಗೆಗೆ ಹಾಕಿ ಹಗುರಾಗಿ ಮನೆಗೆ ಮರಳಿದವರ ಹೆಂಡಿರು ಮಕ್ಕಳು ಇಂದಿಗೂ ಅದನ್ನು ನೆನೆಯುವರು. 2018ರಲ್ಲಿ ಸ್ವಾಮಿಗಳು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತಿದೆ. ಚೀಲ ದೊಡ್ಡದೋ ಸಣ್ಣದೋ, ಅದರ ಯೋಗ್ಯತೆಯನ್ನು ನಿರ್ಣಯಿಸುವುದು ಅದನ್ನು ಹೊಲಿದ ಕೈಯ ಶ್ರಮ ಮತ್ತು ಅದನ್ನು ಹೊತ್ತವರ ಉದ್ದೇಶ.

ಆದಕಾರಣ ಚೀಲವನ್ನು ಪ್ರೀತಿಸುವ ಸಹೋದರಿಯರನ್ನು ನಾವು ಹಳಿಯಲಾರೆವು. ಮಕ್ಕಳ ಪುಸ್ತಕ, ಅತ್ತೆಯ ಔಷಧಿ, ತನ್ನ ಸಂಬಳದ ಚೀಟಿ, ತವರಿನ ಪತ್ರ ಇವೆಲ್ಲವನ್ನೂ ಒಂದೇ ಹೆಗಲಿನಲ್ಲಿ ಹೊರುವವಳಿಗೆ ಒಂದು ಸುಂದರವಾದ ಚೀಲ ಬೇಕೆನಿಸಿದರೆ ಅದು ಆಡಂಬರವಾಗಲಾರದು. ಪ್ರೀತಿ ಇರಲಿ, ಅದು ಸ್ವಲ್ಪ ದೂರ ಹೋಗಿ ಹೊಲಿದ ಕೈಯನ್ನೂ ಮುಟ್ಟಲಿ. ಹಂಪಿಗೆ ಹೋದ ಬಂಧುಗಳು ಅರ್ಧ ದಿನವನ್ನು ಸಂಡೂರಿಗಾಗಿ ಮೀಸಲಿಡಲಿ. ಕುಮಾರಸ್ವಾಮಿಯ ಬೆಟ್ಟವನ್ನು ಹತ್ತಿ ಇಳಿದ ಬಳಿಕ ಕಲಾ ಕೇಂದ್ರಕ್ಕೆ ಹೋಗಿ, ಕಸೂತಿ ಮಾಡುವವರೊಡನೆ ಎರಡು ಮಾತಾಡಲಿ. ಚರ್ಮದ ಬ್ಯಾಗಿಗೆ ಕೇಳಿದಷ್ಟು ಬೆಲೆಯನ್ನು ಚೀಟಿ ನೋಡಿ ಕೊಡುವ ನಾವು ಕೈಕಸೂತಿಯ ಮುಂದೆ ಮಾತ್ರ ಹತ್ತು ಇಪ್ಪತ್ತು ರೂಪಾಯಿಗೆ ಚೌಕಾಶಿ ಮಾಡುವುದು ಬೇಡ. ಮಗಳ ಮದುವೆಯ ಬಾಯಿನಕ್ಕೆ, ಗೃಹಪ್ರವೇಶದ ಉಡುಗೊರೆಗೆ ಪ್ಲಾಸ್ಟಿಕ್ ಚೀಲಗಳನ್ನು ಹಂಚುವ ಬದಲು ಇಂಥ ಹತ್ತು ಸಂಚಿಗಳನ್ನು ಹಂಚಿದರೆ ಪಡೆದವರು ವರ್ಷಗಟ್ಟಲೆ ಬಳಸುವರು.

ನಮ್ಮ ಸೋದರಸೊಸೆ ಕೊಂಡ ಚೀಲ ಈಗ ಅವಳೊಡನೆ ದಿನವೂ ಬ್ಯಾಂಕಿನ ಕೆಲಸಕ್ಕೆ ಹೋಗುತ್ತಿದೆ. ಅದರೊಳಗೆ ಊಟದ ಡಬ್ಬಿ, ಲೆಕ್ಕದ ಕಾಗದ, ಮಗನ ಶಾಲೆಯ ದಿನಚರಿ ಪುಸ್ತಕ. ಹೊರಗೆ ಸೂರ್ಯಕಾಂತಿ ಮಕಿಯ ಮೂರು ಹೂವುಗಳು. "ಎಲ್ಲಿ ಕೊಂಡಿರಿ?" ಎಂದು ಕೇಳಿದವರಿಗೆ ಅವಳು ಅಂಗಡಿಯ ಹೆಸರನ್ನು ಹೇಳುವುದಿಲ್ಲ. ಚೀಲವನ್ನು ತಿರುವಿ ಒಳಮಗ್ಗುಲನ್ನು ತೋರಿಸಿ, ಸಂಡೂರಿನ ದಾರಿಯನ್ನು ಹೇಳುತ್ತಾಳೆ.